ನಿಮಗಿದು ಗೊತ್ತೇ? ತೂಗುಬುಟ್ಟಿಯ ಸೀತಾಳೆ ಸಸಿ

● ಸೀತಾಳೆಯ ಬೀಜಕ್ಕೆ ಬುತ್ತಿಯೇ ಇಲ್ಲ! ಭತ್ತದ ಕಾಳು, ಹಲಸಿನ ಬೀಜ, ಅಡಿಕೆ ಎಲ್ಲವೂ ಮೊಳಕೆಗೆ ಬೇಕಾದ ಆಹಾರವನ್ನು ಒಳಗೇ ಕಟ್ಟಿಕೊಂಡು ಬರುತ್ತವೆ. ಸೀತಾಳೆಯಂತಹ ಆರ್ಕಿಡ್ ಜಾತಿಯ ಬೀಜ ಬರಿಗೈಯಲ್ಲಿ ಹೊರಡುತ್ತದೆ. ನೋಡಿದರೆ ಬರೀ ದೂಳು, ಊದಿದರೆ ಹಾರಿ ಹೋಗುತ್ತದೆ.

● ಗುಣದಲ್ಲಿ ಬಡವಾದರೂ ಲೆಕ್ಕದಲ್ಲಿ ಧಾರಾಳಿ. ಚಾರ್ಲ್ಸ್ ಡಾರ್ವಿನ್ 1862ರಲ್ಲಿ ಆರ್ಕಿಡ್‌ಗಳ ಬಗ್ಗೆಯೇ ಒಂದು ಪುಸ್ತಕ ಬರೆದ. ಇಂಗ್ಲೆಂಡಿನ ಒಂದು ನೆಲ ಆರ್ಕಿಡ್‌ನ ಒಂದೇ ಕಾಯಿಯಲ್ಲಿ ಸುಮಾರು 6,200 ಬೀಜ, ಇಡೀ ಗಿಡದಲ್ಲಿ 1,86,300 ಬೀಜ ಇರುತ್ತವೆಂದು ಅದರಲ್ಲಿ ಲೆಕ್ಕ ಹಾಕಿದ್ದಾನೆ. ಇಷ್ಟೂ ಬೀಜ ಹುಟ್ಟಿ ಬೆಳೆದರೆ ಒಂದೇ ಗಿಡದ ಮರಿಮಕ್ಕಳು ಭೂಮಿಯ ನೆಲವನ್ನೆಲ್ಲ ಮುಚ್ಚಿಬಿಡುತ್ತವೆ ಎಂಬುದು ಅವನ ಅಂದಾಜು. ಹಾಗಾದರೆ ಕೊಪ್ಪ, ಶೃಂಗೇರಿಯ ಹಲಸಿನ ಮರಗಳ ಮೇಲೆ ಅಲ್ಲೊಂದು ಇಲ್ಲೊಂದು ಗಿಡ ಮಾತ್ರ ಏಕೆ?

● ಏಕೆಂದರೆ ಆ ಬೀಜಕ್ಕೆ ಅನ್ನ ಹಾಕಲು ಒಂದು ಶಿಲೀಂಧ್ರ ಬರಬೇಕು. ತೊಗಟೆಯ ಬಿರುಕಿನಲ್ಲಿ ಬಿದ್ದ ಬೀಜದೊಳಗೆ ಸರಿಯಾದ ಶಿಲೀಂಧ್ರದ ಎಳೆ ಹೊಕ್ಕರೆ ಅದರಿಂದ ಸಕ್ಕರೆ ಹೀರಿ ಬೀಜ ಮೊಳೆಯುತ್ತದೆ. ಇಲ್ಲದಿದ್ದರೆ ಅಲ್ಲೇ ಒಣಗಿ ಮುಗಿಯುತ್ತದೆ. ಈ ಗುಟ್ಟನ್ನು 1899ರಲ್ಲಿ ಪತ್ತೆ ಹಚ್ಚಿದವನು ಫ್ರಾನ್ಸಿನ ನೋಯೆಲ್ ಬರ್ನಾರ್. ಅಲ್ಲಿಯವರೆಗೆ ಯುರೋಪಿನ ಸಿರಿವಂತರ ಗಾಜಿನ ಮನೆಗಳಲ್ಲಿ ಮಾಲಿಗಳು ತಾಯಿಗಿಡದ ಬುಡದಲ್ಲೇ ಬೀಜ ಉದುರಿಸಿ ಅದೃಷ್ಟ ನೋಡುತ್ತಿದ್ದರು. ಕೆಲವೊಮ್ಮೆ ಹುಟ್ಟುತ್ತಿತ್ತು. ಏಕೆ ಹುಟ್ಟಿತೆಂದು ಅವರಿಗೂ ತಿಳಿದಿರಲಿಲ್ಲ.

● 1922ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಲೂಯಿಸ್ ನಡ್ಸನ್ ಶಿಲೀಂಧ್ರವನ್ನೇ ಪಕ್ಕಕ್ಕಿಟ್ಟ. ಕಡಲಪಾಚಿಯಿಂದ ತೆಗೆದ ಅಗರ್ ಎಂಬ ಅಂಟು, ಒಂದಿಷ್ಟು ಲವಣ, ಸಕ್ಕರೆ ಇವಿಷ್ಟನ್ನು ಸೇರಿಸಿ ಸೋಂಕಿಲ್ಲದ ಬಾಟಲಿಯಲ್ಲಿ ಬೀಜ ಬಿತ್ತಿದ. ಮೊಳೆಯಿತು. ಇವತ್ತು ನಮ್ಮ ಜಗಲಿಗೆ ಬರುವ ಬಾಟಲಿ ಸಸಿಗಳ ಮೂಲ ಇದೇ. ಕೆಲವು ಪ್ರಯೋಗಾಲಯಗಳು ಆ ಅಂಟಿಗೆ ಎಳನೀರು, ಕಿವುಚಿದ ಬಾಳೆಹಣ್ಣು ಕೂಡ ಬೆರೆಸುತ್ತವೆ. ಆರ್ಕಿಡ್ ಮರಿಗಳ ರುಚಿ ಮಲೆನಾಡಿನವರ ರುಚಿಯೇ!

● ಬಾಟಲಿಯಲ್ಲಿ ಬೆಳೆದ ಸಸಿಗೆ ಹೊರಗಿನ ಗಾಳಿ ಗೊತ್ತಿಲ್ಲ. ಒಳಗೆ ಸದಾ ಒದ್ದೆ ಇರುವುದರಿಂದ ಅದರ ಎಲೆಯ ಮೇಲೆ ಮೇಣದ ಪದರ ಸರಿಯಾಗಿ ಕಟ್ಟಿರುವುದಿಲ್ಲ. ಎಲೆಯ ಉಸಿರುರಂಧ್ರಗಳನ್ನು ಹೊತ್ತಿಗೆ ಸರಿಯಾಗಿ ಮುಚ್ಚುವುದೂ ಅಭ್ಯಾಸವಾಗಿರುವುದಿಲ್ಲ. ಹೊರಗೆ ತೆಗೆದ ಮೊದಲ ವಾರಗಳಲ್ಲಿ ಸಸಿ ಸಾಯುವುದು ಗೊಬ್ಬರವಿಲ್ಲದೆ ಅಲ್ಲ, ಒಣಗಿ. ಇಲ್ಲವೇ ಒಣಗೀತೆಂದು ಹೆದರಿ ನಾವು ಸುರಿದ ನೀರಿಗೆ ಕೊಳೆತು. ಹೀಗಾಗಿ ಇಲ್ಲಿ ಆತುರ ಬೇಡ. ಬಾಟಲಿಯಿಂದ ಮೆಲ್ಲಗೆ ತೆಗೆದ ಸಸಿಯ ಬೇರಿಗೆ ಅಂಟಿದ ಅಗರನ್ನು ಉಗುರುಬೆಚ್ಚಗಿನ ನೀರಲ್ಲಿ ಪೂರ್ತಿ ತೊಳೆಯಬೇಕು. ಅದರಲ್ಲಿ ಸಕ್ಕರೆ ಇದೆ, ಒಂದು ಚೂರು ಉಳಿದರೂ ಬೂಷ್ಟು ಹಿಡಿಯುತ್ತದೆ. ತೊಳೆದ ಸಸಿಯನ್ನು ಹಳೆಯ ಪತ್ರಿಕೆಯ ಮೇಲೆ ನೆರಳಲ್ಲಿ ಸ್ವಲ್ಪ ಹೊತ್ತು ಹರಡಿ, ಬೇರಿನ ಮೇಲಿನ ನೀರು ಆರಿದ ಮೇಲೆ ನೆಡಬೇಕು. ಒಂದಕ್ಕೊಂದು ಬುಟ್ಟಿ ಬೇಡ. ಹತ್ತಾರು ಸಸಿಯನ್ನು ಒಂದೇ ಚಿಕ್ಕ ಬುಟ್ಟಿಯಲ್ಲಿ ಒತ್ತಾಗಿ ನೆಟ್ಟರೆ ಅವುಗಳ ಸುತ್ತಲ ತೇವ ಬೇಗ ಆರುವುದಿಲ್ಲ, ಎಲ್ಲವೂ ಜೊತೆಯಲ್ಲೇ ಚೇತರಿಸಿಕೊಳ್ಳುತ್ತವೆ. ಮೊದಲ ಕೆಲವು ವಾರ ಅದರ ಮೇಲೆ ತೂತು ಮಾಡಿದ ಪಾರದರ್ಶಕ ಪ್ಲಾಸ್ಟಿಕ್ ಮುಚ್ಚಿ, ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪವೇ ಸರಿಸುತ್ತಾ ಹೋಗಿ. ಹೊಸ ಬೇರಿನ ಹಸಿರು ತುದಿ ಕಂಡಿತೆಂದರೆ ಅರ್ಧ ಗೆದ್ದಂತೆ.

● ಆರ್ಕಿಡ್‌ನ ಬೇರು ಬಣ್ಣ ಬದಲಿಸುತ್ತದೆ! ಬೇರಿನ ಸುತ್ತ ವೆಲಾಮೆನ್ ಎಂಬ ಸತ್ತ ಕೋಶಗಳ ಪದರವಿದೆ. ಮಳೆಹನಿ, ಮಂಜು ಏನು ತಾಗಿದರೂ ಗಳಿಗೆಯಲ್ಲಿ ಹೀರಿಕೊಳ್ಳುತ್ತದೆ. ಒಣಗಿದಾಗ ಅದು ಬೂದಿಬಿಳಿ. ನೀರು ಹೀರಿದಾಗ ಒಳಗಿನ ಹಸಿರು ಹೊರಗೆ ಕಾಣುತ್ತದೆ. ಆ ಹಸಿರು ಬರೀ ಅಂದಕ್ಕಲ್ಲ, ಬೇರೂ ಬಿಸಿಲು ಕುಡಿದು ಆಹಾರ ತಯಾರಿಸುತ್ತದೆ. ನೀರು ಹಾಕಬೇಕೋ ಬೇಡವೋ ಎಂದು ಯಾರನ್ನೂ ಕೇಳಬೇಕಿಲ್ಲ. ಬೇರು ಬಿಳಿಯಿದ್ದರೆ ಹಾಕಿ, ಹಸಿರಿದ್ದರೆ ಸುಮ್ಮನಿರಿ. ಕಂದಾಗಿ, ಒತ್ತಿದರೆ ಮೆತ್ತಗಾದರೆ ಅದು ಕೊಳೆತಿದೆ. ಕತ್ತರಿಸಿ ಎಸೆಯಿರಿ.

● ಎಲೆಯೇ ಇಲ್ಲದ ಆರ್ಕಿಡ್‌ಗಳೂ ಇವೆ. ಟೀನಿಯೋಫಿಲಮ್ ಎಂಬ ಕುಲದ ಗಿಡಗಳೆಂದರೆ ಮರದ ತೊಗಟೆಗೆ ಅಂಟಿದ ಹಸಿರು ಬೇರುಗಳು, ಆಮೇಲೆ ಹೂವು. ನಡುವೆ ಏನೂ ಇಲ್ಲ!

● ತೂಗುಬುಟ್ಟಿಯೇ ಏಕೆ, ಕುಂಡ ಸಾಲದೇ? ಸೀತಾಳೆಯ, ಅಂದರೆ ಸೀತಾಳೆದಂಡೆಯ, ಹೂಗೊಂಚಲು ಮೇಲಕ್ಕೆ ನಿಲ್ಲುವುದಿಲ್ಲ, ಕೆಳಕ್ಕೆ ಇಳಿಬೀಳುತ್ತದೆ. ಒಂದು ಗೊಂಚಲಲ್ಲಿ ನೂರಕ್ಕೂ ಹೆಚ್ಚು ಹೂಗಳು. ಹಳೆಯ ಹಲಸು, ಮಾವಿನ ಪೊಟರೆಗಳಲ್ಲಿ ಬೆಳೆಯುವ ಸಿಂಬಿಡಿಯಂ ಎಂಬ ಆರ್ಕಿಡ್ ಕೂಡ ಹಾಗೆಯೇ. ಕುಂಡದಲ್ಲಿಟ್ಟರೆ ಗೊಂಚಲು ನೆಲಕ್ಕೆ ತಾಗುತ್ತದೆ. ಅದಕ್ಕಿಂತ ದೊಡ್ಡ ಕಾರಣ ಬೇರಿನದು. ಈ ಗಿಡಗಳ ಬೇರು ಕಾಡಿನಲ್ಲಿ ಗಾಳಿಯಲ್ಲೇ ನೇತಾಡುತ್ತಿರುತ್ತದೆ. ಮಣ್ಣಲ್ಲಿ ಹೂತರೆ ಉಸಿರುಗಟ್ಟುತ್ತದೆ. ನೆನೆಯುವುದು, ಬೇಗ ಆರುವುದು, ಮತ್ತೆ ನೆನೆಯುವುದು, ಇದು ಅದಕ್ಕೆ ಬೇಕಾದ ಕ್ರಮ. ಇಡೀ ದಿನ ಒದ್ದೆ ಬಟ್ಟೆಯಲ್ಲಿ ಕೂರುವುದು ಅದಕ್ಕೂ ಆಗದು.

● ಅಸ್ಸಾಂನ ರಾಜ್ಯಪುಷ್ಪ ಯಾವುದು ಹೇಳಿ? ನಮ್ಮ ಸೀತಾಳೆದಂಡೆಯೇ! ಅರುಣಾಚಲ ಪ್ರದೇಶದ್ದೂ ಅದೇ. ಏಪ್ರಿಲ್ ನಡುವೆ ಬರುವ ಬಿಹು ಹಬ್ಬದಲ್ಲಿ ಅಸ್ಸಾಮಿನ ಹೆಣ್ಣುಮಕ್ಕಳು ಇದನ್ನು ಮುಡಿದು ಕುಣಿಯುತ್ತಾರೆ. ನಮ್ಮಲ್ಲಿ ಅದು ಬಿರಿಯುವುದು ಹೆಚ್ಚಾಗಿ ಮೇ, ಜೂನ್ ಹೊತ್ತಿಗೆ, ಮುಂಗಾರಿನ ಮೋಡ ಕಟ್ಟುವಾಗ.

● ಈಗ ನಮ್ಮ ಮೂರು ತಾಲ್ಲೂಕಿನ ಮಳೆಗೆ ಬರೋಣ, ತೂಗುಬುಟ್ಟಿಯ ಹಣೆಬರಹ ಬರೆಯುವುದು ಅದೇ. ಶೃಂಗೇರಿ, ಕೊಪ್ಪ, ನರಸಿಂಹರಾಜಪುರ ಅಕ್ಕಪಕ್ಕದ ತಾಲ್ಲೂಕುಗಳು. ಆದರೂ ಮಳೆಯ ಲೆಕ್ಕ ಬೇರೆ ಬೇರೆ. ಶೃಂಗೇರಿ ಘಟ್ಟದ ನೆತ್ತಿಗೆ ಅಂಟಿಕೊಂಡಿದೆ. ಅದರ ಪಕ್ಕದ ಕಿಗ್ಗದಲ್ಲಿರುವವನು ಮಳೆದೇವರೆಂದೇ ಹೆಸರಾದ ಋಷ್ಯಶೃಂಗ. ಕೊಪ್ಪಕ್ಕೆ ಬರುವ ಹೊತ್ತಿಗೆ ಮಳೆ ಒಂದು ಹಿಡಿ ಇಳಿದಿರುತ್ತದೆ. ಭದ್ರೆಯ ಬದಿಯ ನರಸಿಂಹರಾಜಪುರ ತಲುಪುವಾಗ ಶೃಂಗೇರಿಯ ಸುಮಾರು ಅರ್ಧಕ್ಕೆ ಬಂದು ನಿಂತಿರುತ್ತದೆ. ನರಸಿಂಹರಾಜಪುರದವರು ಶೃಂಗೇರಿಯ ನೆಂಟರ ಮನೆಯಲ್ಲಿ ನೋಡಿದ ಹಾಗೆಯೇ ಬುಟ್ಟಿ ತುಂಬಿದರೆ ಮಾರ್ಚ್‌ನಲ್ಲಿ ಸಸಿ ಒಣಗುತ್ತದೆ. ಶೃಂಗೇರಿಯವರು ನರಸಿಂಹರಾಜಪುರದ ಹಾಗೆ ತುಂಬಿದರೆ ಜುಲೈಯಲ್ಲಿ ಕೊಳೆಯುತ್ತದೆ. ಶೃಂಗೇರಿ ಕಡೆ ಇದ್ದಿಲು, ಹಂಚಿನ ಚೂರು ಇಷ್ಟೇ ಸಾಕು. ಕೊಪ್ಪದಲ್ಲಿ ಅದಕ್ಕೆ ಒಂದೆರಡು ತುಂಡು ತೆಂಗಿನ ಸಿಪ್ಪೆ. ನರಸಿಂಹರಾಜಪುರದ ಕಡೆ ಸಿಪ್ಪೆಯ ಪಾಲು ಇನ್ನಷ್ಟು ಹೆಚ್ಚಿದರೂ ತೊಂದರೆಯಿಲ್ಲ. ಇಡೀ ಕರ್ನಾಟಕಕ್ಕೆ ಒಂದೇ ಮಿಶ್ರಣ ಹೇಳುವ ಪುಸ್ತಕವನ್ನು ನಂಬಬೇಡಿ.

● ಹಂಚಿನ ಚೂರಿಗೂ ಒಂದು ಚರಿತ್ರೆ ಇದೆ. ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಆ ಹಂಚು ಘಟ್ಟ ಹತ್ತಿ ಬಂದು ಮಲೆನಾಡಿನ ಸೋಗೆ, ಹುಲ್ಲಿನ ಮಾಡುಗಳನ್ನು ಒಂದೊಂದಾಗಿ ಬದಲಿಸಿತು. ಒಡೆದ ಹಂಚು ಪ್ರತಿ ಮನೆಯ ಹಿತ್ತಲಲ್ಲೂ ರಾಶಿ ಬಿದ್ದಿರುತ್ತದೆ. ಸುಟ್ಟ ಜೇಡಿಮಣ್ಣು ನೀರನ್ನು ಸ್ವಲ್ಪ ಹೀರಿಟ್ಟುಕೊಂಡು ಉಳಿದದ್ದನ್ನು ಬಿಟ್ಟುಬಿಡುತ್ತದೆ, ಕೊಳೆಯುವುದಿಲ್ಲ, ದುಡ್ಡೂ ಕೊಡಬೇಕಿಲ್ಲ. ಅಂಗಡಿಯ ಚೀಲದಲ್ಲಿ ಬರುವ ಬೆಲೆಬಾಳುವ ಮಿಶ್ರಣಕ್ಕಿಂತ ಇದೇ ಮೇಲು. ಪಾಚಿ ಕಟ್ಟಿದ ಚೂರನ್ನು ಮಾತ್ರ ಉಜ್ಜಿ ತೊಳೆದು ಬಿಸಿಲಿಗೆ ಹಾಕಿ ಬಳಸಿ.

● ತೆಂಗಿನ ಸಿಪ್ಪೆಯನ್ನು ನೇರವಾಗಿ ಬುಟ್ಟಿಗೆ ಹಾಕುವುದು ತಪ್ಪು. ಅದರಲ್ಲಿ ಒಗರೂ ಉಪ್ಪೂ ಇರುತ್ತದೆ. ಕೆಲವು ದಿನ ನೆನೆಹಾಕಿ, ಕೆಂಪು ನೀರು ಬರುವುದು ನಿಲ್ಲುವವರೆಗೆ ನೀರು ಬದಲಿಸಿ. ಅಡಿಕೆ ಸಿಪ್ಪೆ? ಮನೆಯಲ್ಲಿ ಬೇಕಾದಷ್ಟು ಬಿದ್ದಿದೆಯೆಂದು ಆಸೆಯಾಗುತ್ತದೆ. ಬೇಡ. ಬೇಗ ಕೊಳೆತು ಮುದ್ದೆಯಾಗಿ ಬೇರಿನ ಗಾಳಿ ಮುಚ್ಚುತ್ತದೆ. ಅದನ್ನು ತೋಟಕ್ಕೇ ಹಾಕಿ.

● ಬುಟ್ಟಿ ಯಾವುದರದ್ದಾದರೂ ಆಗಬಹುದು: ಸಾಗುವಾನಿ ಪಟ್ಟಿ, ಬಿದಿರು, ತೂತಿನ ಪ್ಲಾಸ್ಟಿಕ್. ಬಿದಿರು ಅಂದ, ಆದರೆ ನಮ್ಮ ಮಳೆಗೆ ಹೆಚ್ಚು ವರ್ಷ ನಿಲ್ಲುವುದಿಲ್ಲ. ಅಜ್ಜಿಯಂದಿರು ಬೆಣ್ಣೆ ಗಡಿಗೆ ತೂಗುಹಾಕುತ್ತಿದ್ದ ನೆಲುವಿನ ಹಾಗೆ ಹಗ್ಗ ಹೆಣೆದೂ ತೂಗಬಹುದು. ಒಂದೇ ನಿಯಮ: ಬುಟ್ಟಿ ಸಸಿಗಿಂತ ದೊಡ್ಡದಾಗಬಾರದು. ಮುಂದೆ ಬೆಳೆಯುತ್ತದಲ್ಲ ಎಂದು ದೊಡ್ಡ ಬುಟ್ಟಿಯಲ್ಲಿ ಪುಟ್ಟ ಸಸಿ ಕೂರಿಸಿದರೆ ನಡುವಿನ ಭಾಗ ಆರುವುದೇ ಇಲ್ಲ.

● ತೂಗುವ ತಂತಿ ತಾಮ್ರದ್ದಾಗಬಾರದು. ಅದಕ್ಕೆ ಕಾರಣ ಮುಂದಿದೆ.

● 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಮಲೆನಾಡಿನ ಅಡಿಕೆಯ ಕೊಳೆರೋಗದ ಹಿಂದೆ ಬಿದ್ದರು. ಅದಕ್ಕೆ ಕಾರಣವಾದ ಜೀವಿಯನ್ನು ಗುರುತಿಸಿ 1910ರಲ್ಲಿ ವರದಿ ಪ್ರಕಟಿಸಿದರು. ಅದಕ್ಕೂ ಮೊದಲು ಮಲೆನಾಡಿನ ಕೆಲವೆಡೆ ಅಡಿಕೆಗೊನೆಗೆ ಕರಡದ ಕೊಟ್ಟೆ ಕಟ್ಟಿ ಮಳೆ ತಪ್ಪಿಸುವ ರೂಢಿಯಿತ್ತು. ಕೋಲ್ಮನ್ ತೋರಿಸಿದ ದಾರಿ ಬೋರ್ಡೋ ದ್ರಾವಣದ್ದು. ಫ್ರಾನ್ಸಿನ ದ್ರಾಕ್ಷಿ ತೋಟದಲ್ಲಿ 1885ರ ಹೊತ್ತಿಗೆ ಹುಟ್ಟಿದ ಈ ಔಷಧಿಯ ಶೇ 1ರ ಹದವನ್ನು ಇವತ್ತು ಯಾವ ಕೊನೆಗಾರನೂ ನಿದ್ದೆಯಲ್ಲೂ ಹೇಳುತ್ತಾನೆ: 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಅಡಿಕೆಗೆ ಅಮೃತವಾದ ಈ ತಾಮ್ರ ಡೆಂಡ್ರೋಬಿಯಂ ಆರ್ಕಿಡ್‌ಗಳಿಗೆ ವಿಷ! ಎಳೆ ಬೇರಿನ ತುದಿ, ಹೊಸ ಚಿಗುರು, ಮೊಗ್ಗು ಮೊದಲು ಕಪ್ಪಾಗುತ್ತವೆ. ತೋಟದ ನಡುವೆ ಮನೆಯಿದ್ದು ಔಷಧಿ ಹೊಡೆಯುವ ದಿನ ಗಾಳಿ ಜಗಲಿ ಕಡೆ ಬೀಸಿದರೆ, ಅಡಿಕೆ ಉಳಿಯುತ್ತದೆ, ಬುಟ್ಟಿ ಖಾಲಿಯಾಗುತ್ತದೆ. ಆ ದಿನ ಬುಟ್ಟಿಗಳನ್ನು ಇಳಿಸಿ ಒಳಗಿಡಿ. ಎಲೆಯ ಮೇಲೆ ನೀಲಿ ಹನಿ ಕಂಡರೆ ತಡಮಾಡದೆ ಚೊಕ್ಕ ನೀರಲ್ಲಿ ತೊಳೆಯಿರಿ. ಇತ್ತೀಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗವೂ ಸೇರಿಕೊಂಡು ಔಷಧಿ ಹೊಡೆಯುವ ಸುತ್ತುಗಳು ಹೆಚ್ಚಿವೆ. ಆದ್ದರಿಂದ ಈ ಎಚ್ಚರ ಈಗ ಹಿಂದಿಗಿಂತ ಹೆಚ್ಚು ಬೇಕು. ಆರ್ಕಿಡ್ ಕೊಳೆಗೆ ನಮ್ಮ ಮನೆಯಲ್ಲೇ ಇರುವ ಔಷಧಿ ಸಾಕೆಂದು ಬೋರ್ಡೋ ಎರಚುವವರಿಗಂತೂ ಏನು ಹೇಳುವುದು?

  

● ಕಾಡಿನಲ್ಲಿ ಸೀತಾಳೆ ನೆಟ್ಟಗೆ ಕೂರುವುದಿಲ್ಲ, ಕೊಂಬೆಗೆ ಓರೆಯಾಗಿ ಜೋತುಬಿದ್ದಿರುತ್ತದೆ. ಅದಕ್ಕೊಂದು ಕಾರಣವಿದೆ. ಈ ಜಾತಿ ಬೆಳೆಯುವುದು ನೆತ್ತಿಯ ಒಂದೇ ಸುಳಿಯಿಂದ. ಸುಳಿಯಲ್ಲಿ ನೀರು ನಿಂತು ಕೊಳೆತರೆ ಮುಂದೆ ಬೆಳೆಯಲು ದಾರಿಯೇ ಇಲ್ಲ, ಅದೃಷ್ಟವಿದ್ದರೆ ಬುಡದಲ್ಲೊಂದು ಮರಿ ಬಂದೀತು. ಓರೆಯಾಗಿದ್ದರೆ ಬಿದ್ದ ಮಳೆ ಜಾರಿ ಹೋಗುತ್ತದೆ. ಹಾಗಾಗಿ ಬುಟ್ಟಿಯಲ್ಲೂ ಸಸಿಯನ್ನು ಸ್ವಲ್ಪ ಓರೆಯಾಗಿಯೇ ಕೂರಿಸಿ. ಡೆಂಡ್ರೋಬಿಯಂಗೆ ಈ ಭಯ ಕಡಿಮೆ, ಅದು ಬುಡದಿಂದ ವರ್ಷವರ್ಷ ಹೊಸ ಕಡ್ಡಿ ಕೊಡುತ್ತದೆ.

● ಬುಟ್ಟಿಗೆ ಅತಿ ಕೆಟ್ಟ ಜಾಗ ಸೂರಿನ ಅಂಚು. ಮಾಡಿನ ನೀರೆಲ್ಲ ಒಂದೇ ಕಡೆ ದಬದಬ ಸುರಿಯುವುದು ಅಲ್ಲೇ. ನೋಡಲು ಸಾಲಾಗಿ ಚೆನ್ನಾಗಿ ಕಾಣುತ್ತದೆಂದು ಎಲ್ಲರೂ ತೂಗುವುದೂ ಅಲ್ಲೇ! ಆರಿದ್ರಾದಿಂದ ಆಶ್ಲೇಷದವರೆಗೆ ಸಸಿಬುಟ್ಟಿಗಳು ಜಗಲಿಯ ಒಳಬದಿಗೆ, ಎರಚಲು ತಾಗದ ಆದರೆ ಬೆಳಕು ಬೀಳುವ ಕಡೆಗೆ ಬರಲಿ. ಬೆಳೆದ ಗಿಡಗಳಿಗೆ ಈ ಉಪಚಾರ ಬೇಕಿಲ್ಲ, ಅವು ಪುಷ್ಯ ಮಳೆಯನ್ನೂ ಮರದ ಮೇಲೇ ತಡೆದುಕೊಂಡು ಬಂದ ಕುಲದವು.

● ಬೆಳಕು ಸಾಕೇ ಎಂಬುದನ್ನು ಎಲೆ ಹೇಳುತ್ತದೆ. ಕಡು ಹಸಿರಾಗಿ ಉದ್ದುದ್ದ ಜೋಲಾಡಿದರೆ ಬೆಳಕು ಕಡಿಮೆ. ಎಲೆಯ ಮೇಲೆ ಕೆಂಪು ಛಾಯೆ ಬಂದು ಹಳದಿಗೆ ತಿರುಗಿದರೆ ಬಿಸಿಲು ಹೆಚ್ಚು. ತಿಳಿಹಸಿರು ಸರಿಯಾದ ಹದ. ಬಾಟಲಿ ಬಿಟ್ಟ ಹೊಸತರಲ್ಲಿ ಮುಕ್ಕಾಲು ಪಾಲು ಬಿಸಿಲು ತಡೆಯುವ ನೆರಳುಬಲೆ, ಒಂದು ವರ್ಷ ಕಳೆದ ಮೇಲೆ ಅರ್ಧ ತಡೆಯುವುದು ಸಾಕು.

● ಸೀತಾಳೆಯಂತಹ ದಪ್ಪ ಎಲೆಯ ಆರ್ಕಿಡ್‌ಗಳು ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಎಳೆದುಕೊಳ್ಳುವುದು ರಾತ್ರಿ! ಹಗಲು ಉಸಿರುರಂಧ್ರ ತೆರೆದರೆ ನೀರು ಆವಿಯಾಗುತ್ತದೆಂದು ಮುಚ್ಚಿಕೊಂಡು, ಕತ್ತಲಾದ ಮೇಲೆ ತೆರೆಯುತ್ತವೆ. ಮರದ ತುದಿಯಲ್ಲಿ ಮಣ್ಣಿಲ್ಲದೆ ಬೇಸಿಗೆ ಕಳೆಯುವ ಗಿಡಕ್ಕೆ ಇಷ್ಟಾದರೂ ಜಾಣತನ ಬೇಡವೇ?

● ಗೊಬ್ಬರ ಎಷ್ಟು? ನೀವು ಅಂದುಕೊಂಡದ್ದಕ್ಕಿಂತ ಕಡಿಮೆ. ನೀರಲ್ಲಿ ಕರಗುವ 19:19:19 ಗೊಬ್ಬರವನ್ನು ಬೆಳೆದ ಗಿಡಕ್ಕೆ ಲೀಟರಿಗೆ 1 ಗ್ರಾಂ, ಸಸಿಗೆ ಅದರ ಕಾಲು ಭಾಗ. ಮರದ ಮೇಲೆ ಅದಕ್ಕೆ ಸಿಗುತ್ತಿದ್ದದ್ದು ತೊಗಟೆ ತೊಳೆದು ಬಂದ ಮಳೆನೀರು, ಹಕ್ಕಿ ಹಿಕ್ಕೆ, ಕೊಳೆತ ಎಲೆ ಇಷ್ಟೇ. ಗೊಬ್ಬರದ ಉಪ್ಪು ಇದ್ದಿಲಲ್ಲಿ ಸೇರಿಕೊಳ್ಳುವುದರಿಂದ ಆಗಾಗ ಬರೀ ನೀರಲ್ಲಿ ಬುಟ್ಟಿ ಪೂರ್ತಿ ತೊಳೆಯಬೇಕು. ಮಳೆಗಾಲದಲ್ಲಿ ಆ ಕೆಲಸವನ್ನು ಆಕಾಶವೇ ಮಾಡುತ್ತದೆ.

● ಡಿಸೆಂಬರ್, ಜನವರಿಯಲ್ಲಿ ಡೆಂಡ್ರೋಬಿಯಂನ ಎಲೆ ಉದುರಿ ಬರೀ ಒಣಕಡ್ಡಿ ಉಳಿದರೆ ಸತ್ತಿತೆಂದು ಎಸೆಯುವವರಿದ್ದಾರೆ. ಎಸೆಯಬೇಡಿ! ಪಶ್ಚಿಮಘಟ್ಟದ ಹಲವು ಡೆಂಡ್ರೋಬಿಯಂಗಳು ಹೂ ಬಿಡುವುದೇ ಎಲೆ ಕಳಚಿದ ಕಡ್ಡಿಯ ಮೇಲೆ. ಆ ತಿಂಗಳುಗಳಲ್ಲಿ ನೀರು ಕಡಿಮೆ ಮಾಡಿ, ಪೂರ್ತಿ ನಿಲ್ಲಿಸಬೇಡಿ. ಎಳೆ ಸಸಿಗಳಿಗೆ ಮಾತ್ರ ಈ ಉಪವಾಸ ಬೇಡ, ಅವಕ್ಕೆ ಕೂಡಿಟ್ಟ ಗಂಟು ಇನ್ನೂ ಇರುವುದಿಲ್ಲ.

● ಕಾಫಿಗೆ ಹೂಮಳೆ ಬಿದ್ದ ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುವುದು ನಮಗೆ ಹೊಸದಲ್ಲ. ಅಂಡಮಾನ್ ಹಾಗೂ ಆಗ್ನೇಯ ಏಷ್ಯಾದ ಪಾರಿವಾಳ ಆರ್ಕಿಡ್ ಎಂಬ ಡೆಂಡ್ರೋಬಿಯಂ ಕೂಡ ಹಾಗೆಯೇ. ಮಳೆ ಬಂದು ಹವೆ ಫಕ್ಕನೆ ತಂಪಾದ ಒಂಬತ್ತನೇ ದಿನದ ಹೊತ್ತಿಗೆ ಊರಿನ ಎಲ್ಲ ಗಿಡಗಳೂ ಒಟ್ಟಿಗೆ ಅರಳಿ ಒಂದೇ ದಿನದಲ್ಲಿ ಬಾಡುತ್ತವೆ.

● ನೆಲದ ಶತ್ರುಗಳಿಗೆ ತೂಗುಬುಟ್ಟಿ ಎಟುಕುವುದಿಲ್ಲ ಎಂದು ನಿಶ್ಚಿಂತೆಯಿಂದ ಇರುವಂತಿಲ್ಲ. ಆಫ್ರಿಕಾದ ದೈತ್ಯ ಬಸವನಹುಳು ರಾತ್ರಿ ಕಂಬ ಹತ್ತಿ ಹಗ್ಗ ಇಳಿದು ಎಳೆ ಬೇರಿನ ತುದಿಯನ್ನೇ ಮೇಯುತ್ತದೆ. ಇದು ತಾನಾಗಿ ಬಂದದ್ದಲ್ಲ. 1847ರಲ್ಲಿ ವಿಲಿಯಂ ಬೆನ್ಸನ್ ಎಂಬ ಬ್ರಿಟಿಷ್ ಶಂಖಪ್ರೇಮಿ ಮಾರಿಷಸ್ಸಿನಿಂದ ಕಲ್ಕತ್ತೆಗೆ ತಂದು ಬಿಟ್ಟದ್ದು. ಅವನ ಹವ್ಯಾಸದ ಫಲವನ್ನು ದೇಶವೆಲ್ಲ ಇನ್ನೂ ಉಣ್ಣುತ್ತಿದೆ. ಟಾರ್ಚ್ ಹಿಡಿದು ರಾತ್ರಿ ಹೆಕ್ಕುವುದೇ ಒಳ್ಳೆಯ ಉಪಾಯ.

● ಬುಟ್ಟಿಯ ಹಗ್ಗದ ಮೇಲೆ ಇರುವೆ ಸಾಲು ಕಂಡರೆ ಇರುವೆಯನ್ನು ಬೈಯಬೇಡಿ, ಎಲೆಯ ಅಡಿಯನ್ನು ನೋಡಿ. ಅಲ್ಲಿ ಹಿಟ್ಟುತಿಗಣೆ ಇರುತ್ತದೆ. ಅದು ಸೂಸುವ ಸಿಹಿಗಾಗಿ ಇರುವೆ ಅದನ್ನು ಸಾಕುತ್ತದೆ. ಸಸಿ ಕೆಲವೇ ಇದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು.

● ಸೀತಾಳೆ ಬಂದಣಿಕೆಯಲ್ಲ! ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಬಂದಣಿಕೆ ಮರದ ಕೊಂಬೆಯೊಳಗೆ ಬೇರು ಇಳಿಸಿ ಅದರ ನೀರು, ಲವಣ ಕುಡಿಯುತ್ತದೆ. ಅದನ್ನು ಕಡಿಯುವುದು ಸರಿ. ಸೀತಾಳೆಯ ಬೇರು ತೊಗಟೆಯ ಮೇಲೆ ಹಬ್ಬುತ್ತದೆಯೇ ಹೊರತು ಒಳಗೆ ಹೊಗುವುದಿಲ್ಲ. ಮರಕ್ಕೆ ಅದು ಬಾಡಿಗೆ ಕೊಡದ ಬಿಡಾರದವನು, ಕಳ್ಳನಲ್ಲ. ಎರಡನ್ನೂ ಒಂದೇ ಎಂದುಕೊಂಡು ತೋಟದ ಮರಗಳಿಂದ ಆರ್ಕಿಡ್ ಕಿತ್ತು ಎಸೆಯುವುದು ಇನ್ನೂ ನಿಂತಿಲ್ಲ.

● ಮಳೆಗಾಲಕ್ಕೆ ಮೊದಲು ಕಾಫಿ ತೋಟದಲ್ಲಿ ಮರಗಸಿ ನಡೆಯುತ್ತದೆ, ಸೊಪ್ಪಿನಬೆಟ್ಟದಲ್ಲಿ ಸೊಪ್ಪು ಕಡಿಯುತ್ತಾರೆ. ಕೆಳಗೆ ಬಿದ್ದ ಕೊಂಬೆಗಳ ಮೇಲೆ ಹೂ ಬಿಟ್ಟ ಸೀತಾಳೆ, ಏರಿಡಿಸ್, ಮರಬಾಳೆ ಮೊದಲಾದ ಆರ್ಕಿಡ್‌ಗಳೂ ಇರುತ್ತವೆ. ಕೊಂಬೆ ಒಲೆಗೆ ಹೋದರೆ ಅವೂ ಹೋದಂತೆ. ನಿಮ್ಮದೇ ತೋಟದಲ್ಲಿ ಬಿದ್ದದ್ದನ್ನು ತೊಗಟೆ ಸಮೇತ ಬಿಡಿಸಿ ಪಕ್ಕದ ಹಲಸು, ಮಾವು, ನೇರಳೆಯಂತಹ ಒರಟು ತೊಗಟೆಯ ಮರಕ್ಕೆ ಬಾಳೆನಾರಿನಲ್ಲಿ ಕಟ್ಟಿ. ನಾರು ಕೊಳೆತು ಬೀಳುವ ಹೊತ್ತಿಗೆ ಬೇರು ಮರ ಹಿಡಿದಿರುತ್ತದೆ, ಪ್ಲಾಸ್ಟಿಕ್ ಹಗ್ಗವಾದರೆ ಅದನ್ನು ಬಿಚ್ಚುವ ಕೆಲಸ ಬೇರೆ. ತೊಗಟೆ ಕಳಚುವ ಪೇರಲೆ, ನೀಲಗಿರಿಗೆ ಕಟ್ಟಿ ಪ್ರಯೋಜನವಿಲ್ಲ. ಕಾಫಿ ತೋಟಗಳಲ್ಲಿ ಕಾಡುಮರ ಕಡಿದು ಸಿಲ್ವರ್ ಓಕ್ ಬೆಳೆಸುತ್ತಾ ಹೋದಷ್ಟೂ ಇವುಗಳ ನೆಲೆ ತಪ್ಪುತ್ತಿದೆ. ಸಿಲ್ವರ್ ಓಕ್ ಆಸ್ಟ್ರೇಲಿಯಾದ ಮರ, ನಮ್ಮ ಮರಬಾಳೆಗಳಿಗೆ ಅದು ಅಪರಿಚಿತ.

● ಐಸ್‌ಕ್ರೀಮಿನ ವೆನಿಲ್ಲಾ ಕೂಡ ಆರ್ಕಿಡ್. ಬಳ್ಳಿಯ ಹೂ ಅರಳುವುದು ಒಂದೇ ದಿನ, ಅದೂ ಬೆಳಗಿನ ಕೆಲವು ಗಂಟೆ. ಕಡ್ಡಿಯ ತುದಿಯಲ್ಲಿ ಅದಕ್ಕೆ ಕೈಯಾರೆ ಪರಾಗಸ್ಪರ್ಶ ಮಾಡುವ ಉಪಾಯವನ್ನು 1841ರಲ್ಲಿ ಕಂಡುಹಿಡಿದವನು ರಿಯೂನಿಯನ್ ದ್ವೀಪದ ಎಡ್ಮಂಡ್ ಆಲ್ಬಿಯಸ್, 12 ವರ್ಷದ ಗುಲಾಮ ಹುಡುಗ. ಈ ಶತಮಾನದ ಆರಂಭದಲ್ಲಿ ಬೆಲೆ ಆಕಾಶಕ್ಕೇರಿದಾಗ ಮಲೆನಾಡಿನ ತೋಟತೋಟದಲ್ಲೂ ಅದೇ ಕೆಲಸ ನಡೆಯಿತು, ಬೆಲೆ ಬಿದ್ದಾಗ ಬಳ್ಳಿಯೂ ಹೋಯಿತು. ಅಡಿಕೆಗೆ ಹಳದಿ ಎಲೆ ರೋಗ ಬಂತೆಂದು ಆರ್ಕಿಡ್ ಸಸಿಗೆ ಸಾಲ ಮಾಡಿ ಹಣ ಹೂಡಲು ಹೊರಟವರು ಇದನ್ನು ನೆನಪಿಟ್ಟುಕೊಂಡರೆ ಒಳ್ಳೆಯದು. ಜಗಲಿಯ ಬುಟ್ಟಿ ಒಂದು ಮಾತು, ಬೆಳೆ ಇನ್ನೊಂದು ಮಾತು.

● ಭಾರತೀಯ ಸಸ್ಯ ಸರ್ವೇಕ್ಷಣಾ ಸಂಸ್ಥೆ 2019ರಲ್ಲಿ ಮಾಡಿದ ಪಟ್ಟಿಯಂತೆ ದೇಶದಲ್ಲಿರುವ ಆರ್ಕಿಡ್ ಬಗೆಗಳು 1,256. ಅವುಗಳಲ್ಲಿ 388 ಭಾರತ ಬಿಟ್ಟರೆ ಬೇರೆಲ್ಲೂ ಇಲ್ಲ. ಆರ್ಕಿಡ್‌ಗಳಿಗೆಂದೇ ಇರುವ ರಾಷ್ಟ್ರೀಯ ಸಂಶೋಧನಾ ಕೇಂದ್ರ ಸಿಕ್ಕಿಂನ ಪಾಕ್ಯೋಂಗ್‌ನಲ್ಲಿದೆ, 1996ರಿಂದ.

● ಕಾಡಿನಿಂದ ಸೀತಾಳೆ ಕಿತ್ತು ತರುವುದು ಅಪರಾಧ. ಶೃಂಗೇರಿ ತಾಲ್ಲೂಕಿಗೆ ಕುದುರೆಮುಖ ರಾಷ್ಟ್ರೀಯ ಉದ್ಯಾನ ತಾಗಿಕೊಂಡಿದೆ, ನರಸಿಂಹರಾಜಪುರದ ಮಗ್ಗುಲಲ್ಲಿ ಭದ್ರಾ ಹುಲಿ ಮೀಸಲು. ಅಲ್ಲಿಯ ಒಂದು ಎಲೆಯೂ ನಮ್ಮದಲ್ಲ, ಮೀಸಲು ಅರಣ್ಯದಲ್ಲಿ ಬಿದ್ದ ಕೊಂಬೆಯ ಮೇಲಿನ ಗಿಡವೂ ನಮ್ಮದಲ್ಲ. ದೇಶ ದಾಟುವ ವ್ಯಾಪಾರಕ್ಕಂತೂ ಸೈಟ್ಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದ ಇಡೀ ಆರ್ಕಿಡ್ ಕುಟುಂಬವನ್ನೇ ನಿಯಂತ್ರಣದ ಪಟ್ಟಿಗೆ ಸೇರಿಸಿದೆ. ರಸ್ತೆ ಬದಿಯಲ್ಲಿ ಬೇರು ಹರಿದ, ಎಲೆಯಲ್ಲಿ ಹುಳು ಕಡಿದ ಗುರುತಿರುವ ದೊಡ್ಡ ಗಿಡವನ್ನು ಯಾರಾದರೂ ಅಗ್ಗಕ್ಕೆ ಕೊಟ್ಟರೆ ಅದು ಕಾಡಿನದೇ. ಕೊಳ್ಳಬೇಡಿ. ಬುಟ್ಟಿಯಲ್ಲಿ ಅದು ಬದುಕುವುದೂ ಕಷ್ಟ.

● ಬಾಟಲಿಯಿಂದ ತೆಗೆದ ಸಸಿ ಹೂ ಬಿಡಲು ಎಷ್ಟು ವರ್ಷ? ಡೆಂಡ್ರೋಬಿಯಂ ಆದರೆ ಮೂರು ನಾಲ್ಕು ವರ್ಷದಲ್ಲಿ ಹೂ ನೋಡಬಹುದು. ವಾಂಡಾ, ಸೀತಾಳೆಯ ಬಳಗಕ್ಕೆ ಇನ್ನೂ ಹೆಚ್ಚು ತಾಳ್ಮೆ ಬೇಕು, ಐದಾರು ವರ್ಷವೂ ಆದೀತು. ಕಾಡಿನಿಂದ ಒಂದು ದೊಡ್ಡ ಗಿಡ ಕಿತ್ತವರು ಅಷ್ಟೂ ವರ್ಷಗಳನ್ನು ಒಂದೇ ಎಳೆತಕ್ಕೆ ಕಿತ್ತಿರುತ್ತಾರೆ.

● ಈ ವರ್ಷ ಸಸಿ ತರಿಸುವವರಿಗೆ ಒಂದು ಮಾತು. ಜೂನ್‌ನಲ್ಲಿ ಎಲ್ಲ ಗಿಡವನ್ನೂ ನೆಡುವ ಹುರುಪಿನಲ್ಲಿ ಆರ್ಕಿಡ್ ಬಾಟಲಿಯನ್ನೂ ಒಡೆಯಬೇಡಿ. ಆರಿದ್ರಾ ಮಳೆಯಲ್ಲಿ ಮಲೆನಾಡಿನ ಗಾಳಿ ಆರುವುದೇ ಇಲ್ಲ, ಹೊಸ ಸಸಿಯೂ ಆರುವುದಿಲ್ಲ. ಶಿವರಾತ್ರಿ ಕಳೆದು ಸೆಕೆ ಶುರುವಾದ ಮೇಲೆ ತರಿಸಿದರೆ ಮಳೆ ಹಿಡಿಯುವಷ್ಟರಲ್ಲಿ ಬೇರು ಬುಟ್ಟಿ ಹಿಡಿದಿರುತ್ತದೆ. ತಪ್ಪಿದರೆ ಮಳೆ ಬಿಡುವ ನವರಾತ್ರಿಯವರೆಗೆ ಕಾಯಿರಿ. ಅಲ್ಲಿಯವರೆಗೆ ಬಾಟಲಿ ಮೇಜಿನ ಮೇಲೆ, ನೇರ ಬಿಸಿಲು ತಾಗದ ಕಿಟಕಿಯ ಬಳಿ ಆರಾಮವಾಗಿ ಇರುತ್ತದೆ. ಮುಚ್ಚಳ ಮಾತ್ರ ತೆಗೆದು ನೋಡಬೇಡಿ.